ಸಬ್‌ವೂಫರ್ ದೊಡ್ಡದು ಹಾಕಿಸಬೇಕಾ? ಅಂಗಡಿಗೆ ಹೋಗುವ ಮೊದಲು ಡಿಕ್ಕಿ ತೆಗೆದು ನೋಡಿ

ಕಾರಿನ ಸಬ್‌ವೂಫರ್, ಅಂದರೆ ಬರೀ ಬೇಸ್ ಕೊಡುವ ದೊಡ್ಡ ಸ್ಪೀಕರ್, ಸಾಲುತ್ತಿಲ್ಲ ಅಂತ ಅನ್ನಿಸುವುದು ಹೆಚ್ಚಾಗಿ ಬೇರೆಯವರ ಗಾಡಿಯಲ್ಲಿ ಕೂತು ಬಂದ ದಿನ. ನನಗೂ ಹಾಗೇ ಆಯಿತು. ಗೆಳೆಯನ ಮದುವೆಗೆ ಅರಸೀಕೆರೆಗೆ ಹೋಗುವಾಗ ಅವನ ತಮ್ಮನ ಕಾರು ಹತ್ತಿದ್ದೆ. ತಿಪಟೂರು ದಾಟಿದ ಮೇಲೆ ಡೊಳ್ಳು ಇರುವ ಒಂದು ಹಾಡು ಬಂತು. ಒಂದೊಂದು ಪೆಟ್ಟೂ ಬೆನ್ನಿಗೆ ಬಂದು ತಾಗುತ್ತಿತ್ತು, ತಾಗಿ ಅಲ್ಲಿಗೇ ನಿಲ್ಲುತ್ತಿತ್ತು, ಮುಂದಿನ ಪೆಟ್ಟಿಗೆ ಜಾಗ ಬಿಡುತ್ತಿತ್ತು. ಮನೆಗೆ ಬಂದು ಅದೇ ಹಾಡನ್ನು ನನ್ನ ಕಾರಿನಲ್ಲಿ ಹಾಕಿದೆ. ಡಿಕ್ಕಿಯಿಂದ ಒಂದೇ ಸಮನೆ ‘ಗೊಂಯ್’ ಅನ್ನುವ ಸದ್ದು. ಪೆಟ್ಟು ಯಾವುದು, ಅದರ ಬಾಲ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ನನ್ನದು 12 ಇಂಚಿನ ಸಬ್. ಅವನದು 10 ಇಂಚು.

ಆದರೂ ನನಗೆ ಮೊದಲು ಹೊಳೆದದ್ದು ಇನ್ನೂ ದೊಡ್ಡದು ಹಾಕಿಸೋಣ ಅಂತಲೇ. ಕಾರ್ ಆಕ್ಸೆಸರಿ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ ಡಿಕ್ಕಿ ತೆಗೆದೂ ನೋಡದೆ ‘ಎರಡು 12 ಹಾಕ್ಸಿಬಿಡಿ ಸರ್, ಆಂಪ್ಲಿಫೈಯರೂ ಹೊಸದೇ ಹಾಕ್ಸಿ’ ಅಂದರು. 30 ಸಾವಿರದ ಹತ್ತಿರ ಲೆಕ್ಕ ಬಂತು. ಅವತ್ತು ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ, ವಾಪಸ್ ಬಂದೆ. ಆಮೇಲೆ ಒಂದು ಭಾನುವಾರ ಮನೆ ಮುಂದೆ ಗಾಡಿ ನಿಲ್ಲಿಸಿ ಒಂದೊಂದೇ ಬಿಚ್ಚಿ ನೋಡುತ್ತಾ ಹೋದೆ. ಮೂರು ತಪ್ಪು ಸಿಕ್ಕವು. ಮೂರೂ ಸಬ್‌ನದ್ದಲ್ಲ. ಸರಿ ಮಾಡಲು ಆದ ಖರ್ಚು ಒಂದು ಬೋಲ್ಟು, ಒಂದು ಮರಳು ಕಾಗದ, ಅರ್ಧ ದಿನ.

ಆ ಭಾನುವಾರ ಮಾಡಿದ ಕೆಲಸವನ್ನು, ಆಮೇಲೆ ಕಲಿತದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಸಬ್ ಬದಲಿಸಬೇಡಿ ಅಂತ ಹೇಳುತ್ತಿಲ್ಲ. ನಾನೂ ಕೊನೆಗೆ ಬದಲಿಸಿದೆ. ಆದರೆ ಅದು ಕೊನೆಯ ಕೆಲಸ ಆಗಬೇಕು, ಮೊದಲನೆಯದಲ್ಲ.

ಏನು ಸಾಲುತ್ತಿಲ್ಲ ಅನ್ನುವುದನ್ನು ಮೊದಲು ಹಿಡಿಯಿರಿ

‘ಬೇಸ್ ಸಾಲುತ್ತಿಲ್ಲ’ ಅನ್ನುವ ಒಂದೇ ಮಾತಿನಲ್ಲಿ ಬೇರೆ ಬೇರೆ ದೂರು ಇರುತ್ತವೆ. ಕೆಲವರಿಗೆ ತೀರಾ ಕೆಳಗಿನ ಸದ್ದೇ ಬರುತ್ತಿರುವುದಿಲ್ಲ. ಕೆಲವರಿಗೆ ಬರುತ್ತದೆ, ಆದರೆ ನನ್ನದರ ಹಾಗೆ ಗೊಂಯ್‌ಗುಟ್ಟುತ್ತದೆ. ಕೆಲವರಿಗೆ ಸಣ್ಣ ವಾಲ್ಯೂಮಿನಲ್ಲಿ ಚೆನ್ನಾಗಿದ್ದು ಜೋರು ಮಾಡಿದ ಕೂಡಲೇ ಒಡೆಯುತ್ತದೆ. ಇನ್ನು ಕೆಲವರಿಗೆ ಗಾಡಿ ನಿಂತಾಗ ಎಲ್ಲ ಸರಿ, ಹೈವೇಗೆ ಹೋದರೆ ಬೇಸ್ ಮಾಯ. ಈ ನಾಲ್ಕಕ್ಕೂ ಮದ್ದು ಒಂದೇ ಅಲ್ಲ. ಎಲ್ಲಕ್ಕೂ ‘ದೊಡ್ಡ ಸಬ್ ಹಾಕ್ಸಿ’ ಅಂದರೆ ಹೊಟ್ಟೆ ನೋವಿಗೂ ತಲೆ ನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದೇ ಹರ್ಟ್ಸ್, ಕಡಿಮೆ ಇದ್ದಷ್ಟೂ ಕೆಳಗಿನ ಸದ್ದು. ನಮ್ಮ ಕಿವಿಗೆ ಕೇಳಿಸುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಇದರಲ್ಲಿ ಸಬ್‌ನ ಪಾಲು ತೀರಾ ಚಿಕ್ಕದು, 20ರಿಂದ 80 ಹರ್ಟ್ಸ್, ಹೆಚ್ಚೆಂದರೆ 100. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ 41 ಹರ್ಟ್ಸ್ ಹತ್ತಿರ ಇರುತ್ತದೆ. ಅದು ಸಬ್‌ನ ಕೆಲಸ. ಆದರೆ ಎದೆಗೆ ‘ಧಡ್’ ಅಂತ ಹೊಡೆಯುವ ಪೆಟ್ಟಿನ ಬಹುಪಾಲು 80ರಿಂದ 200 ಹರ್ಟ್ಸ್ ನಡುವೆ ಇರುತ್ತದೆ, ಅದನ್ನು ಕೊಡಬೇಕಾದದ್ದು ಡೋರ್ ಸ್ಪೀಕರ್. ಎಷ್ಟೋ ಜನ ಡೋರ್ ಸ್ಪೀಕರಿನ ಕೊರತೆಯನ್ನು ಸಬ್ ಮೇಲೆ ಹಾಕುತ್ತಾರೆ.

ಪರೀಕ್ಷೆ ಸುಲಭ. ಸ್ಟೀರಿಯೊದಲ್ಲಿ ಸಬ್ ಲೆವೆಲ್ ಪೂರ್ತಿ ಇಳಿಸಿ, ಬರೀ ಡೋರ್ ಸ್ಪೀಕರಿನಲ್ಲಿ ಹಾಡು ಕೇಳಿ. ಗಂಡು ದನಿ ತೆಳ್ಳಗೆ, ರೇಡಿಯೋದಲ್ಲಿ ಬಂದ ಹಾಗೆ ಕೇಳಿಸಿದರೆ, ತಮಟೆಯಲ್ಲಿ ಬರೀ ಚರ್ಮದ ‘ಟಪ್’ ಇದ್ದು ಮೈ ಇಲ್ಲದಿದ್ದರೆ, ನಿಮ್ಮ ಕೊರತೆ ಬಾಗಿಲಲ್ಲಿದೆ. ಡಿಕ್ಕಿಯಲ್ಲಿ ಎಷ್ಟು ದೊಡ್ಡ ಸಬ್ ಇಟ್ಟರೂ ಆ ಜಾಗ ತುಂಬುವುದಿಲ್ಲ. ಅದೇ ದುಡ್ಡಿನಲ್ಲಿ ಮುಂದಿನ ಎರಡು ಡೋರ್‌ಗೆ ಡ್ಯಾಂಪಿಂಗ್ ಶೀಟ್ (ತಗಡು ಅದುರದ ಹಾಗೆ ಅಂಟಿಸುವ ಹಾಳೆ) ಹಾಕಿಸಿ, ಒಳ್ಳೆಯ ಸ್ಪೀಕರ್ ಜೋಡಿ ಹಾಕಿಸಿದರೆ ಬದಲಾವಣೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಗುತ್ತದೆ. ಬಾಗಿಲ ತಗಡಿನಲ್ಲಿ ತೂತು ಜಾಸ್ತಿ ಇರುತ್ತವೆ, ಸ್ಪೀಕರಿನ ಹಿಂದಿನ ಗಾಳಿ ಅಲ್ಲಿಂದ ಮುಂದೆ ಬಂದು ಮುಂದಿನ ಸದ್ದನ್ನೇ ಕೊಲ್ಲುತ್ತದೆ. ಅದನ್ನು ಮುಚ್ಚಿದರೇ ಅರ್ಧ ಕೆಲಸ ಆಯಿತು.

ಕೇಳುವ ಹಾಡುಗಳನ್ನೂ ಆರಿಸಿ ಇಟ್ಟುಕೊಳ್ಳಿ. ನಾನು ಮೂರು ಇಟ್ಟುಕೊಂಡಿದ್ದೇನೆ. ಒಂದು ಡೊಳ್ಳಿನದು, ಪೆಟ್ಟು ಎಷ್ಟು ಬೇಗ ನಿಲ್ಲುತ್ತದೆ ಅಂತ ನೋಡಲು. ಒಂದು ಕಛೇರಿ ರೆಕಾರ್ಡಿಂಗ್, ಮೃದಂಗದ ಎಡ ಮುಖದ ಗುಂಕಿ ಬೇರೆಯಾಗಿ ಕೇಳಿಸುತ್ತದಾ ಅಂತ ನೋಡಲು. ಇನ್ನೊಂದು ಈಚಿನ ಸಿನಿಮಾ ಹಾಡು, ಕೀಬೋರ್ಡಿನಲ್ಲಿ ಮಾಡಿದ ಉದ್ದನೆಯ ಬೇಸ್ ಇರುವುದು. 1960-70ರ ದಶಕದ ಹಾಡು ಹಾಕಿಕೊಂಡು ಬೇಸ್ ಹುಡುಕಬೇಡಿ. ಆ ರೆಕಾರ್ಡಿಂಗ್‌ಗಳಲ್ಲಿ ತೀರಾ ಕೆಳಗಿನ ಸದ್ದು ಇರುವುದೇ ಕಡಿಮೆ, ಇಲ್ಲದ್ದನ್ನು ಯಾವ ಸಬ್ ತಂದುಕೊಡುತ್ತದೆ ಹೇಳಿ.

ದುಡ್ಡು ಬೇಡದ ಕೆಲಸ: ಸೆಟ್ಟಿಂಗ್

ಸ್ಟೀರಿಯೊದಲ್ಲಿ ಬೇಸ್ ಬೂಸ್ಟ್, ಲೌಡ್‌ನೆಸ್, ಈಕ್ವಲೈಜರ್ ಎಲ್ಲವನ್ನೂ ಸೊನ್ನೆಗೆ ತನ್ನಿ. ಫೋನಿನಲ್ಲೂ ಈಕ್ವಲೈಜರ್ ಆನ್ ಇದ್ದರೆ ತೆಗೆಯಿರಿ. ಆಂಪ್‌ನಲ್ಲಿ (ಆಂಪ್ಲಿಫೈಯರ್) ಬೇಸ್ ಬೂಸ್ಟ್ ತಿರುಗಣೆ ಇದ್ದರೆ ಅದೂ ಸೊನ್ನೆ. ಈಗ ಕೇಳಿಸುವುದೇ ನಿಮ್ಮ ಸಿಸ್ಟಮ್‌ನ ನಿಜವಾದ ಸದ್ದು.

ಆಮೇಲೆ ಫಿಲ್ಟರ್. ಸಬ್‌ಗೆ ಲೋ ಪಾಸ್ ಅಂತ ಇರುತ್ತದೆ, ಇಟ್ಟ ಅಂಕಿಗಿಂತ ಕೆಳಗಿನ ಸದ್ದನ್ನು ಮಾತ್ರ ಬಿಡುತ್ತದೆ, 80 ಹರ್ಟ್ಸ್‌ಗೆ ಇಡಿ. ಡೋರ್ ಸ್ಪೀಕರ್‌ಗೆ ಹೈ ಪಾಸ್ ಇರುತ್ತದೆ, ಅದು ಮೇಲಿನದನ್ನು ಮಾತ್ರ ಬಿಡುತ್ತದೆ, ಅದನ್ನೂ 80ಕ್ಕೆ ಇಡಿ. ಹೈ ಪಾಸ್ ಹಾಕಿದರೆ ಡೋರ್ ಸ್ಪೀಕರಿಗೆ ಕೆಳಗಿನ ಭಾರ ತಪ್ಪುತ್ತದೆ, ಅದು ತನ್ನ ಪಾಲಿನ ಪೆಟ್ಟನ್ನು ಇನ್ನೂ ಜೋರಾಗಿ, ಒಡೆಯದೆ ಕೊಡುತ್ತದೆ. ನನ್ನ ಗಾಡಿಯಲ್ಲಿ ಸಿಕ್ಕ ಮೊದಲ ತಪ್ಪು ಇಲ್ಲೇ. ಆಂಪ್‌ನ ಲೋ ಪಾಸ್ ತಿರುಗಣೆ 200ರ ಹತ್ತಿರ ಇತ್ತು. ಅಂದರೆ ಗಾಯಕನ ಗಂಟಲಿನ ಅರ್ಧ ಡಿಕ್ಕಿಯಿಂದ ಬರುತ್ತಿತ್ತು! ಗೊಂಯ್ ಅನ್ನುವುದರಲ್ಲಿ ಒಂದು ಪಾಲು ಅದೇ. ಇನ್ನೊಂದು ವಿಷಯ, ಸ್ಟೀರಿಯೊದಲ್ಲೂ ಆಂಪ್‌ನಲ್ಲೂ ಎರಡು ಕಡೆ ಒಂದೇ ಜಾಗದಲ್ಲಿ ಫಿಲ್ಟರ್ ಹಾಕಬೇಡಿ. ಎರಡು ಸೇರಿ ಸದ್ದು ಬೇಕಾದದ್ದಕ್ಕಿಂತ ಬೇಗ ಇಳಿದು ನಡುವೆ ಹಳ್ಳ ಬೀಳುತ್ತದೆ. ಒಂದು ಕಡೆ ಹಾಕಿ, ಇನ್ನೊಂದು ಕಡೆ ಆಫ್ ಮಾಡಿ, ಆಗದಿದ್ದರೆ ಲೋ ಪಾಸನ್ನು ಪೂರ್ತಿ ಮೇಲೆ ಏರಿಸಿ, ಹೈ ಪಾಸನ್ನು ಪೂರ್ತಿ ಕೆಳಗೆ ಇಳಿಸಿ ಬಿಟ್ಟುಬಿಡಿ.

ಎರಡನೇ ತಪ್ಪು ಫೇಸ್. ಸಬ್ ಮುಂದೆ ತಳ್ಳುವಾಗ ಡೋರ್ ಸ್ಪೀಕರ್ ಹಿಂದೆ ಎಳೆದರೆ ಎರಡೂ ಒಂದನ್ನೊಂದು ಕಳೆಯುತ್ತವೆ. ಆಂಪ್‌ನಲ್ಲಿ ಅಥವಾ ಸ್ಟೀರಿಯೊದಲ್ಲಿ 0 ಮತ್ತು 180 ಅಂತ ಒಂದು ಸ್ವಿಚ್ ಇರುತ್ತದೆ. ಇಲ್ಲದಿದ್ದರೆ ಸಬ್‌ನ ಪ್ಲಸ್ ಮೈನಸ್ ವೈರ್ ಅದಲು ಬದಲು ಮಾಡಿದರೂ ಆಯಿತು. ನೀವು ಡ್ರೈವರ್ ಸೀಟಿನಲ್ಲಿ ಕೂರಿ, ಬಾಗಿಲು ಹಾಕಿಕೊಳ್ಳಿ, ಬೇರೆ ಯಾರಾದರೂ ಸ್ವಿಚ್ ಬದಲಿಸಲಿ. ಯಾವುದರಲ್ಲಿ ಬೇಸ್ ಜಾಸ್ತಿ ಕೇಳಿಸುತ್ತದೋ ಅದೇ ನಿಮ್ಮ ಗಾಡಿಗೆ ಸರಿ. ನಾನು ನನ್ನ ಮಗಳನ್ನು ಹಿಂದೆ ನಿಲ್ಲಿಸಿ ಸ್ವಿಚ್ ಹಾಕಿಸಿದೆ. ಒಂದೇ ಸಲಕ್ಕೆ ಬೇಸ್ ಡಿಕ್ಕಿಯಿಂದ ಎದ್ದು ಡ್ಯಾಶ್‌ಬೋರ್ಡಿನ ಮೇಲೆ ಬಂದು ಕೂತ ಹಾಗೆ ಆಯಿತು. ಅವಳು ಹಿಂದಿನಿಂದಲೇ ‘ಅಪ್ಪಾ, ಸರಿ ಆಯ್ತಾ?’ ಅಂತ ಕೂಗಿದಳು. ಆಗಿತ್ತು.

ಗೇನ್ ಅನ್ನುವ ತಿರುಗಣೆ ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪ್ ಹೊಂದಿಕೊಳ್ಳಲಿ ಅಂತ ಇಟ್ಟದ್ದು. ಬೇಸ್ ಸಾಲದು ಅಂತ ಇದನ್ನು ಕೊನೆಯವರೆಗೆ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಸದ್ದು ಒಡೆಯುತ್ತದೆ, ಸಬ್‌ನ ಕಾಯಿಲ್ (ಒಳಗಿನ ತಂತಿ ಸುರುಳಿ) ಬಿಸಿಯಾಗಿ ಸುಟ್ಟೂ ಹೋಗಬಹುದು. ಮಲ್ಟಿಮೀಟರ್ ಇದ್ದರೆ ಲೆಕ್ಕ ಹಾಕಿ ಇಡಬಹುದು. ಸಬ್‌ನ ವೈರನ್ನು ಆಂಪ್‌ನಿಂದ ಬಿಚ್ಚಿ. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಡಿ. ಫೋನಿನಿಂದ 50 ಹರ್ಟ್ಸ್‌ನ ಒಂದೇ ಸಮನೆ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿಯಿರಿ. ಎಷ್ಟು ಬರಬೇಕು ಅಂದರೆ ವಾಟ್ಸ್ ಮತ್ತು ಓಮ್ಸ್ (ಕರೆಂಟಿಗೆ ಸಬ್ ಒಡ್ಡುವ ತಡೆಯ ಅಳತೆ) ಗುಣಿಸಿ ವರ್ಗಮೂಲ ತೆಗೆಯಿರಿ. 250 ವಾಟ್ಸ್, 4 ಓಮ್ ಆದರೆ 1,000ದ ವರ್ಗಮೂಲ, ಸುಮಾರು 31.6 ವೋಲ್ಟ್. ಮೀಟರ್ ಅಷ್ಟು ತೋರಿಸುವವರೆಗೆ ಗೇನ್ ನಿಧಾನ ಏರಿಸಿ ನಿಲ್ಲಿಸಿ. ವಾಟ್ಸ್ ಅಂದರೆ ಇಲ್ಲಿ ಆರ್‌ಎಂಎಸ್ ವಾಟ್ಸ್, ಅಂದರೆ ನಿರಂತರ ಶಕ್ತಿ. ಸಬ್‌ನದು, ಆಂಪ್‌ನದು ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳಿ.

ಆ ಒಂದು ಬೋಲ್ಟು

ಮೂರನೇ ತಪ್ಪು ಅರ್ಥ್, ಅಂದರೆ ಆಂಪ್‌ನ ಮೈನಸ್ ವೈರನ್ನು ಗಾಡಿಯ ತಗಡಿಗೆ ಜೋಡಿಸುವ ಜಾಗ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ನೋಡಿದ ಗಾಡಿಗಳಲ್ಲಿ ಜಾಸ್ತಿ ಕೆಟ್ಟಿರುವುದು ಇದೇ.

ಡಿಕ್ಕಿಯ ಮ್ಯಾಟ್ ಎತ್ತಿದೆ. ಆಂಪ್‌ನ ಕಪ್ಪು ವೈರು ಸ್ಟೆಪ್ನಿ ಹಳ್ಳದ ಪಕ್ಕ ಹೋಗಿ ತಗಡಿಗೆ ಕೂತಿತ್ತು. ಪ್ಲಾಸ್ಟಿಕ್ ಟ್ರಿಮ್ ಹಿಡಿದಿಡುವ ಸಣ್ಣ ಸ್ಕ್ರೂ, ಅದರ ಕೆಳಗೆ ವೈರಿನ ಎಳೆಗಳನ್ನು ಹಾಗೇ ಸುತ್ತಿ ಬಿಗಿದಿದ್ದರು, ವೈರಿನ ತುದಿಗೆ ಹಾಕುವ ಲೋಹದ ಬಳೆ, ಲಗ್ ಕೂಡ ಇರಲಿಲ್ಲ. ತಗಡಿನ ಮೇಲೆ ಕಂಪನಿಯ ಬಣ್ಣ ಹಾಗೇ ಇತ್ತು. ಬಣ್ಣದ ಮೇಲೆ ಕರೆಂಟ್ ಹರಿಯುವುದಿಲ್ಲ, ಸ್ಕ್ರೂವಿನ ಮೈ ಎಷ್ಟು ತಗಡಿಗೆ ತಾಗಿದೆಯೋ ಅಷ್ಟೇ ದಾರಿ. ಬೆರಳಿಟ್ಟರೆ ಸ್ಕ್ರೂ ಅಲ್ಲಾಡುತ್ತಿತ್ತು, ಸುತ್ತ ಸಣ್ಣಗೆ ತುಕ್ಕು ಹಿಡಿದಿತ್ತು.

ಮೀಟರಿನಲ್ಲಿ ಇದು ಗೊತ್ತಾಗುತ್ತದೆ. ಎಂಜಿನ್ ಆನ್ ಮಾಡಿ ಬ್ಯಾಟರಿ ಮೇಲೆ ನೋಡಿ, ಹೆಚ್ಚಿನ ಗಾಡಿಗಳಲ್ಲಿ 13.8ರಿಂದ 14.4 ವೋಲ್ಟ್ ಇರುತ್ತದೆ. ಈಗ ಬೇಸ್ ಇರುವ ಹಾಡು ಜೋರಾಗಿ ಹಾಕಿ, ಆಂಪ್‌ನ ಪ್ಲಸ್ ಮೈನಸ್ ಮೇಲೆ ನೋಡಿ. ಪೆಟ್ಟು ಬಿದ್ದಾಗ ಬ್ಯಾಟರಿಗಿಂತ ಒಂದು ವೋಲ್ಟ್‌ಗೂ ಜಾಸ್ತಿ ಕೆಳಗೆ ಹೋಗುತ್ತಿದ್ದರೆ ವೈರಿಂಗ್‌ನಲ್ಲಿ ತೊಂದರೆ ಇದೆ. ನನ್ನದು 11ರ ಹತ್ತಿರ ಬೀಳುತ್ತಿತ್ತು. ಹಸಿದವನ ಕೈಯಲ್ಲಿ ಮೂಟೆ ಹೊರಿಸಿದ ಹಾಗೆ, ಆಂಪ್ ಪ್ರತಿ ಪೆಟ್ಟಿಗೂ ಸೋಲುತ್ತಿತ್ತು.

ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ತಗಡಿನ ದಪ್ಪ ಇರುವ ಬೇರೆ ಜಾಗ ಹುಡುಕಿ, ಕೆಳಗೆ ಪೆಟ್ರೋಲ್ ಟ್ಯಾಂಕ್ ಅಥವಾ ಬ್ರೇಕ್ ಪೈಪ್ ಇಲ್ಲ ಅಂತ ಬಗ್ಗಿ ನೋಡಿ, ಮರಳು ಕಾಗದದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣ ಉಜ್ಜಿ ತೆಗೆದೆ. ಬಿಳಿ ಲೋಹ ಹೊಳೆಯಿತು. ಲಗ್ ಹಾಕಿ, ಬೋಲ್ಟು ನಟ್ಟು ವಾಷರ್ ಹಾಕಿ ಬಿಗಿದು, ಮೇಲೆ ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದೆ. ಮತ್ತೆ ಅದೇ ಹಾಡು ಹಾಕಿದೆ. ಮೀಟರ್ 13.4ಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಪ್ಲಸ್ ವೈರನ್ನೂ ನೋಡಿ. ಮೇಲೆ ದಪ್ಪ ಪ್ಲಾಸ್ಟಿಕ್, ಒಳಗೆ ತೆಳ್ಳಗೆ ತಂತಿ ಇರುವ ಕಿಟ್‌ಗಳು ಜಾಸ್ತಿ ಸಿಗುತ್ತವೆ. ತುದಿಯ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದೇ ದಪ್ಪಕ್ಕೆ ಕರೆಂಟ್ ಕಡಿಮೆ ಹೊರುತ್ತದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ಸಬ್ ವಿಷಯ ಪಕ್ಕಕ್ಕಿಟ್ಟು ಇವತ್ತೇ ಹಾಕಿಸಿ. ಬಾನೆಟ್ ಒಳಗೆ ವೈರಿನ ಮೈ ಸವೆದು ತಗಡಿಗೆ ತಾಗಿದರೆ ಗಾಡಿಗೇ ಬೆಂಕಿ.

ಸದ್ದು ಮಾಡುವ ತಗಡು, ಸದ್ದು ಮಾಡುವ ರಸ್ತೆ

ಬೇಸ್ ಕೊಳಕಾಗಿ ಕೇಳಿಸುತ್ತಿದ್ದರೆ ಹಾಡು ಹಾಕಿಟ್ಟು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ನಂಬರ್ ಪ್ಲೇಟ್, ಡಿಕ್ಕಿ ಬಾಗಿಲು, ಹಿಂದಿನ ಪಾರ್ಸೆಲ್ ಟ್ರೇ, ಸ್ಟೆಪ್ನಿ ಹತ್ತಿರದ ಜ್ಯಾಕ್, ಒಂದೊಂದನ್ನೂ ಕೈಯಲ್ಲಿ ಒತ್ತಿ ಹಿಡಿಯಿರಿ. ಒತ್ತಿದಾಗ ಯಾವ ಸದ್ದು ನಿಂತಿತೋ ಕಳ್ಳ ಅದೇ. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟು ಸ್ನ್ಯಾಪ್ ಲಾಕ್‌ನಲ್ಲಿ ಕೂತಿರುತ್ತದೆ, ಬಿಚ್ಚುವ ಹಾಗಿಲ್ಲ, ಆದರೆ ಅಂಚಿನಿಂದ ಹಿಂದಕ್ಕೆ ತೆಳ್ಳಗಿನ ಫೋಮ್ ಪಟ್ಟಿ ತೂರಿಸಬಹುದು. ಹತ್ತು ನಿಮಿಷದ ಕೆಲಸ, ಅರ್ಧ ಗಲಾಟೆ ಕಡಿಮೆ.

ಹೈವೇಯಲ್ಲಿ ಬೇಸ್ ಮಾಯವಾಗುವುದಕ್ಕೆ ಕಾರಣ ಟೈರು ಮತ್ತು ರಸ್ತೆಯ ಸದ್ದು. ಅದೂ ಕೆಳಗಿನ ಸದ್ದೇ, ಸಬ್‌ನ ಸದ್ದನ್ನು ಮುಚ್ಚಿಬಿಡುತ್ತದೆ. ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಯಿಂದ ಒಳ್ಳೆ ಡಾಂಬರು ರಸ್ತೆಗೆ ಇಳಿದ ಕೂಡಲೇ ಹಾಡು ಬಿಚ್ಚಿಕೊಂಡ ಹಾಗೆ ಆಗುತ್ತದೆ, ಗಮನಿಸಿ ನೋಡಿ. ಇದಕ್ಕೆ ಸಬ್ ಲೆವೆಲ್ ಎರಡು ಮೂರು ಮೆಟ್ಟಿಲು ಏರಿಸಿಕೊಂಡರೆ ಸಾಕು. ಡ್ಯಾಶ್‌ಬೋರ್ಡಿನ ಕೆಳಗೆ ಇಡುವ ಬೇಸ್ ನಾಬ್ ಬರುವುದು ಇದಕ್ಕೇ.

ಹಳೆಯ ಸಬ್ ಬದುಕಿದೆಯಾ?

ಸಬ್‌ನ ಮುಂದೆ ಕಾಣುವ, ಅಲ್ಲಾಡುವ ಬಟ್ಟಲಿನಂಥ ಭಾಗವೇ ಕೋನ್. ಅದರ ಎರಡೂ ಬದಿಗೆ ಬೆರಳುಗಳನ್ನು ಹರಡಿ, ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. ಮೆತ್ತಗೆ ಹೋಗಿ ಮೆತ್ತಗೆ ಬರಬೇಕು. ‘ಕರ್ ಕರ್’ ಅಂತ ಮರಳು ಉಜ್ಜಿದ ಹಾಗೆ ಕೇಳಿಸಿದರೆ ಕಾಯಿಲ್ ಬಾಗಿದೆ ಅಥವಾ ಸುಟ್ಟಿದೆ. ಮೂಗು ಹತ್ತಿರ ತನ್ನಿ, ಸುಟ್ಟ ವಾರ್ನಿಷ್ ವಾಸನೆ ಬಂದರೆ ಅನುಮಾನವೇ ಬೇಡ. ವೈರ್ ಬಿಚ್ಚಿ ಮೀಟರ್ ಹಿಡಿದರೆ 4 ಓಮ್ ಕಾಯಿಲ್ ಸಾಮಾನ್ಯವಾಗಿ 3.2ರಿಂದ 3.8ರವರೆಗೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಹರಿದಿದೆ. ಅಂಚಿನ ಫೋಮ್ ಬಿಸಿಲಿಗೆ ಪುಡಿ ಆಗಿರಬಹುದು, ರಬ್ಬರ್ ಆದರೆ ಜಾಸ್ತಿ ದಿನ ಬಾಳುತ್ತದೆ.

ಸತ್ತ ಸಬ್ ಅಂದ ಕೂಡಲೇ ಎಸೆಯಬೇಡಿ. ಆರ್ಕೆಸ್ಟ್ರಾದವರ, ಗಣೇಶನ ಪೆಂಡಾಲಿನವರ ಸೌಂಡ್ ಬಾಕ್ಸ್ ರಿಪೇರಿ ಮಾಡುವವರು ಎಲ್ಲ ಊರಲ್ಲೂ ಇರುತ್ತಾರೆ. ಕಾಯಿಲ್, ಕೋನ್ ಹಾಕಿ ಕೊಡುತ್ತಾರೆ. ಒಳ್ಳೆಯ ಸಬ್ ಆದರೆ ಮಾಡಿಸುವುದು ಲಾಭ. ಅಗ್ಗದ್ದಕ್ಕೆ ಬೇಡ.

ಬಾಕ್ಸ್ ಬಗ್ಗೆ ಯಾರೂ ಮಾತಾಡುವುದಿಲ್ಲ

ಇಷ್ಟೆಲ್ಲ ಆದ ಮೇಲೆ ನನ್ನ ಗಾಡಿಯ ಬೇಸ್ ಎಷ್ಟೋ ಸುಧಾರಿಸಿತು. ಆದರೂ ಡೊಳ್ಳಿನ ಪೆಟ್ಟಿಗೆ ಸಣ್ಣ ಬಾಲ ಉಳಿದೇ ಇತ್ತು. ಅದು ಬಾಕ್ಸಿನದು. ಸಬ್ ಅನ್ನುವುದು ಅರ್ಧ ಮಾತ್ರ, ಉಳಿದರ್ಧ ಅದು ಕೂತಿರುವ ಮರದ ಪೆಟ್ಟಿಗೆ. ಅದೇ ಸಬ್ ಬೇರೆ ಪೆಟ್ಟಿಗೆಯಲ್ಲಿ ಬೇರೆ ಸಬ್ಬೇ ಆಗಿಬಿಡುತ್ತದೆ.

ಎರಡು ಥರ ಇವೆ. ಪೂರ್ತಿ ಮುಚ್ಚಿದ ಸೀಲ್ಡ್ ಬಾಕ್ಸ್, ಒಳಗಿನ ಗಾಳಿಯೇ ಸ್ಪ್ರಿಂಗ್ ಹಾಗೆ ಕೋನನ್ನು ಹಿಡಿದಿಡುತ್ತದೆ, ಪೆಟ್ಟು ಬಿಗಿಯಾಗಿ ಬಂದು ನಿಲ್ಲುತ್ತದೆ. ಇನ್ನೊಂದು ತೂತು ಇರುವ ಪೋರ್ಟೆಡ್ ಬಾಕ್ಸ್, ಯಾವ ಹರ್ಟ್ಸ್‌ಗೆ ಟ್ಯೂನ್ ಮಾಡಿದ್ದಾರೋ ಅದರ ಸುತ್ತ ಜೋರು ಜಾಸ್ತಿ, ಆದರೆ ಅದಕ್ಕಿಂತ ಕೆಳಗೆ ಹೋದರೆ ಕೋನಿಗೆ ಹಿಡಿತ ತಪ್ಪುತ್ತದೆ. ಅದಕ್ಕೇ ಪೋರ್ಟೆಡ್ ಇದ್ದವರು ತೀರಾ ಕೆಳಗಿನ ಸದ್ದನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕಲೇಬೇಕು. ಸರಿಯಾಗಿ ಲೆಕ್ಕ ಹಾಕಿ ಮಾಡಿದ ಪೋರ್ಟೆಡ್ ಬಾಕ್ಸ್ ಬಹಳ ಚೆನ್ನಾಗಿರುತ್ತದೆ. ಆದರೆ ಅಂಗಡಿಯ ರೆಡಿಮೇಡ್ ಬಾಕ್ಸನ್ನು ನಿಮ್ಮ ಸಬ್ ನೋಡಿ ಮಾಡಿರುವುದಿಲ್ಲ, ಎಲ್ಲರಿಗೂ ಆಗಲಿ ಅಂತ ಮಾಡಿರುತ್ತಾರೆ.

ನಿಮ್ಮ ಬಾಕ್ಸ್ ಎಷ್ಟು ಲೀಟರ್ ಅಂತ ಅಳೆಯಿರಿ. ಒಳಗಿನ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ತೆಗೆದು ಗುಣಿಸಿ, 1,000ದಿಂದ ಭಾಗಿಸಿ. 37, 30, 27 ಆದರೆ ಸುಮಾರು 30 ಲೀಟರ್. ಸಬ್ಬೇ ಎರಡು ಮೂರು ಲೀಟರ್ ಜಾಗ ತಿನ್ನುತ್ತದೆ, ಅದನ್ನು ಕಳೆಯಿರಿ. ಈಗ ಸಬ್ ಜೊತೆ ಬಂದ ಕಾಗದದಲ್ಲಿ ಕಂಪನಿ ಎಷ್ಟು ಹೇಳಿದೆ ನೋಡಿ. ಅಲ್ಲಿ ಘನ ಅಡಿಯಲ್ಲಿ ಇದ್ದರೆ ಒಂದು ಘನ ಅಡಿ ಅಂದರೆ 28.3 ಲೀಟರ್. 12 ಇಂಚಿನ ಎಷ್ಟೋ ಸಬ್‌ಗಳಿಗೆ ಸೀಲ್ಡ್ ಬಾಕ್ಸ್ ಈ ಒಂದು ಘನ ಅಡಿಯ ಆಸುಪಾಸಿನಲ್ಲೇ ಬರುತ್ತದೆ. ನಿಮ್ಮದಕ್ಕೂ ಕಂಪನಿ ಹೇಳಿದ್ದಕ್ಕೂ ಬಹಳ ವ್ಯತ್ಯಾಸ ಇದ್ದರೆ ಸಬ್ ಹಾಗೇ ಇರಲಿ, 18 ಎಂಎಂ ಎಂಡಿಎಫ್‌ನಲ್ಲಿ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಹೊಸ ಪೆಟ್ಟಿಗೆ ಮಾಡಿಸಿ. ಒಳ್ಳೆ ಬಡಗಿ ಒಂದು ದಿನದಲ್ಲಿ ಮಾಡುತ್ತಾನೆ. ಸಂದಿಗಳಿಗೆಲ್ಲ ಸಿಲಿಕಾನ್ ಹಾಕಿಸಿ, ಗಾಳಿ ಒಂದಿಷ್ಟೂ ಸೋರಬಾರದು.

ಬಾಕ್ಸಿನ ಮೇಲೆ ಬರೆದ ವಾಟ್ಸ್

1,200 ವಾಟ್ಸ್, 1,500 ವಾಟ್ಸ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ ಅಲ್ವಾ, ಅದು ಮ್ಯಾಕ್ಸ್. ಅದನ್ನು ನೋಡಿ ಹೋಲಿಸಬೇಡಿ. ಹುಡುಕಬೇಕಾದದ್ದು ಆರ್‌ಎಂಎಸ್, ಅಂದರೆ ನಿರಂತರ ಹೊರುವ ಶಕ್ತಿ. 1,200 ಅಂತ ಬರೆದದ್ದರಲ್ಲಿ ಅದು 200 ಅಥವಾ 250 ಇರಬಹುದು.

ಇನ್ನೊಂದು ಲೆಕ್ಕ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಪವರ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟಾಯಿತು’ ಅಂತ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಪವರ್ ಹತ್ತು ಪಟ್ಟು. ಹಾಗಾಗಿ 250 ವಾಟ್ಸ್ ತೆಗೆದು 350 ವಾಟ್ಸ್ ಹಾಕಿಸುವುದು ಸುಮ್ನೆ ಖರ್ಚು, ಕಿವಿಗೆ ಗೊತ್ತಾಗುವುದು ಕಷ್ಟ. ಕೋನಿನ ಅಳತೆ ಬೇರೆ. 10ರಿಂದ 12 ಇಂಚಿಗೆ ಹೋದರೆ ಕೋನಿನ ಹರವು ಶೇ. 44ರಷ್ಟು ಹೆಚ್ಚುತ್ತದೆ, 8ರಿಂದ 12ಕ್ಕೆ ಹೋದರೆ ಎರಡೂಕಾಲು ಪಟ್ಟು. ಸೀಟಿನ ಕೆಳಗಿನ 8 ಇಂಚಿನ ಸಬ್ ಇಟ್ಟುಕೊಂಡು ಕೆಳಗಿನ ಬೇಸ್ ಬರುತ್ತಿಲ್ಲ ಅಂತ ಒದ್ದಾಡುತ್ತಿರುವವರಿಗೆ ದೊಡ್ಡದಕ್ಕೆ ಹೋಗುವುದು ನಿಜವಾಗಿ ಬೇಕಾದ ಅಪ್‌ಗ್ರೇಡ್.

ಓಮ್ ಹೊಂದಿಸುವುದು ಮರೆಯಬೇಡಿ. ಎರಡು ಕಾಯಿಲ್ ಇರುವ ಸಬ್‌ನಲ್ಲಿ ಒಂದೊಂದು 4 ಓಮ್ ಇದ್ದರೆ, ಪ್ಯಾರಲಲ್ ಹಾಕಿದಾಗ 2 ಓಮ್, ಸೀರೀಸ್ ಹಾಕಿದಾಗ 8 ಓಮ್. ನಿಮ್ಮ ಆಂಪ್ 4 ಓಮ್‌ಗಿಂತ ಕೆಳಗೆ ಹೋಗುವ ಹಾಗಿಲ್ಲದಿದ್ದರೆ ಈ ಸಬ್ ಅದಕ್ಕೆ ಒಗ್ಗುವುದಿಲ್ಲ. ಪ್ಯಾರಲಲ್ ಹಾಕಿದರೆ ಆಂಪ್ ಬಿಸಿಯಾಗಿ ಕಟ್ ಆಗುತ್ತದೆ, ಸೀರೀಸ್ ಹಾಕಿದರೆ ಪೂರ್ತಿ ಪವರ್ ಬರುವುದಿಲ್ಲ.

ಹಾಗಾದರೆ ಯಾವಾಗ ಬದಲಿಸಬೇಕು?

ಸೆಟ್ಟಿಂಗ್ ಸರಿ, ಅರ್ಥ್ ಸರಿ, ಬಾಕ್ಸ್ ಲೆಕ್ಕ ಸರಿ, ಡೋರ್ ಸ್ಪೀಕರೂ ಸರಿ, ಆದರೂ ನೀವು ದಿನಾ ಕೇಳುವ ವಾಲ್ಯೂಮಿನಲ್ಲೇ ಸಬ್ ಒಡೆಯುತ್ತಿದ್ದರೆ ಅದರ ಶಕ್ತಿ ಮುಗಿದಿದೆ, ಬದಲಿಸಿ. ಕಾಯಿಲ್ ಸುಟ್ಟು ಕಟ್ಟಿಸುವುದೂ ಲಾಭ ಇಲ್ಲದಿದ್ದರೆ ಬದಲಿಸಿ. ಚಿಕ್ಕ ಸಬ್‌ನಿಂದ ತೀರಾ ಕೆಳಗಿನ ಸದ್ದು ಬೇಕೆಂದರೆ ಬದಲಿಸಿ. ಮನೆಯಲ್ಲಿ ಮಗು ಹುಟ್ಟಿ ಡಿಕ್ಕಿಯಲ್ಲಿ ಮಗುವಿನ ತಳ್ಳುಗಾಡಿ, ಬುಟ್ಟಿ ಎಲ್ಲ ಇಡಬೇಕಾಗಿ ಬಂದರೆ, ಅಥವಾ ಸಿಎನ್‌ಜಿ ಹಾಕಿಸಿ ಡಿಕ್ಕಿಯೇ ಹೋದರೆ, ಆಗಲೂ ಬದಲಿಸಿ, ಚಿಕ್ಕದಕ್ಕೆ. ಚಿಕ್ಕದಕ್ಕೆ ಹೋಗುವುದೂ ಅಪ್‌ಗ್ರೇಡೇ. ಸಿಲಿಂಡರ್ ಪಕ್ಕದಲ್ಲಿ ಬಾಕ್ಸ್, ವೈರು ತುರುಕಬೇಡಿ, ಸೀಟಿನ ಕೆಳಗಿನ ಸಬ್ ಹಾಕಿಸಿ. ಹಾಕಿಸುವ ಮೊದಲು ಟೇಪ್ ಹಿಡಿದು ಎತ್ತರ ಅಳೆಯಿರಿ, ಸೀಟು ಹಿಂದೆ ಮುಂದೆ ಸರಿಸಿ ನೋಡಿ. ಕೆಲವು ಹೈಬ್ರಿಡ್ ಗಾಡಿಗಳಲ್ಲಿ ಸೀಟಿನ ಕೆಳಗೆ ಬ್ಯಾಟರಿಯೇ ಇರುತ್ತದೆ.

ದೊಡ್ಡ ಆಂಪ್ ಹಾಕಿಸುವವರು ಗಾಡಿಯ ಕರೆಂಟಿನ ಲೆಕ್ಕವನ್ನೂ ಹಾಕಿ. ಕ್ಲಾಸ್ ಡಿ ಆಂಪ್ ತಿಂದದ್ದರಲ್ಲಿ ಶೇ. 80ರಷ್ಟನ್ನು ಕೊಡುತ್ತದೆ ಅಂತ ಇಟ್ಟುಕೊಂಡರೆ, 500 ವಾಟ್ಸ್ ಆರ್‌ಎಂಎಸ್ ಕೊಡಲು 625 ವಾಟ್ಸ್ ಬೇಕು, 13.8 ವೋಲ್ಟ್‌ನಲ್ಲಿ ಅದು 45 ಆಂಪಿಯರ್. ಹಾಡಿನಲ್ಲಿ ಪ್ರತಿ ಕ್ಷಣವೂ ಇಷ್ಟು ಎಳೆಯುವುದಿಲ್ಲ ನಿಜ. ಆದರೆ ಚಿಕ್ಕ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳಲ್ಲಿ ಬರುವುದು 35 ಆಂಪಿಯರ್ ಅವರ್ ಆಸುಪಾಸಿನ ಬ್ಯಾಟರಿ. ರಾತ್ರಿ ಹೆಡ್‌ಲೈಟ್, ಎಸಿ, ಮಳೆಯಲ್ಲಿ ವೈಪರ್ ಎಲ್ಲ ಸೇರಿದಾಗ ಪೆಟ್ಟಿಗೊಮ್ಮೆ ಲೈಟು ಮಂಕಾದರೆ ನೀವು ಗಾಡಿಯ ಮಿತಿ ಮುಟ್ಟಿದ್ದೀರಿ. ಹಾಗೆಯೇ ವಸತಿ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಅಂತ ಇದೆ. ಬೀದಿಯ ಮನೆಗಳಲ್ಲಿ ಮಲಗಿದ ಮಗು ಎದ್ದು ಅಳುವಂಥ ಬೇಸ್ ಯಾರಿಗೂ ಬೇಡ, ಗಾಡಿ ಬೀದಿಗೆ ತಿರುಗುವಾಗ ನಾಬ್ ಇಳಿಸಿ.

ನಾನು ಕೊನೆಗೆ ಮಾಡಿದ್ದು ಇಷ್ಟು. 12 ಇಂಚಿನ ಪೋರ್ಟೆಡ್ ಬಾಕ್ಸ್ ತೆಗೆದೆ, ಅಳತೆ ಕೊಟ್ಟು ಮಾಡಿಸಿದ ಸೀಲ್ಡ್ ಬಾಕ್ಸಿನಲ್ಲಿ 10 ಇಂಚಿನ ಸಬ್ ಹಾಕಿದೆ. ಆಂಪ್ ಹಳೆಯದೇ. ಅಂಗಡಿಯಲ್ಲಿ ಹೇಳಿದ ಲೆಕ್ಕದ ಅರ್ಧವೂ ಆಗಲಿಲ್ಲ. ಜೋರು ಮೊದಲಿಗಿಂತ ಒಂದು ಚೂರು ಕಡಿಮೆಯೇ, ಒಪ್ಪುತ್ತೇನೆ. ಆದರೆ ಡೊಳ್ಳಿನ ಪೆಟ್ಟು ಬೆನ್ನಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಊರಿಗೆ ಹೋಗುವಾಗ ತೆಂಗಿನಕಾಯಿ ಚೀಲ ಇಡಲು ಡಿಕ್ಕಿಯಲ್ಲಿ ಜಾಗವೂ ಇದೆ.

ನೀವು ಕೊಳ್ಳುವುದೇ ಆದರೆ ನಿಮ್ಮ ಮೂರು ಹಾಡುಗಳನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ. ಅಂಗಡಿಯ ಗೋಡೆಗೆ ಹಾಕಿದ ಡೆಮೊ ಬೋರ್ಡಿನಲ್ಲಿ ಕೇಳಿ ಒಪ್ಪಬೇಡಿ, ಅದೇ ಸಬ್ ಹಾಕಿರುವ ಯಾವುದಾದರೂ ಕಾರಿನಲ್ಲಿ ಕೂತು ಕೇಳಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಆರ್‌ಎಂಎಸ್, ಓಮ್ ಬರೆಸಿಕೊಳ್ಳಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯ ವೈರ್ ಕತ್ತರಿಸಲು ಬಿಡಬೇಡಿ, ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಹಾಕಿಸಿ. ಇನ್ಶೂರೆನ್ಸ್ ಪಾಲಿಸಿಯಲ್ಲೂ ಇದನ್ನು ಸೇರಿಸಿಕೊಳ್ಳಿ, ಇಲ್ಲದಿದ್ದರೆ ಕಳುವಾದಾಗ ಅದರ ದುಡ್ಡು ಬರುವುದಿಲ್ಲ. ಮತ್ತೆ ಹಳೆಯ ಸಬ್ಬನ್ನು ಅದೇ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟು ಬರಬೇಡಿ. ಒಂದು ತಿಂಗಳು ಮನೆಯಲ್ಲಿ ಇರಲಿ. ಹೊಸದನ್ನು ಮಳೆಯಲ್ಲಿ, ಬಿಸಿಲಲ್ಲಿ, ಹೈವೇಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಿ ನೋಡಿದ ಮೇಲೆ ಹಳೆಯದನ್ನು ಮಾರಿ.